12 ವರ್ಷ ಕಳೆನಾಶಕ ಹೊಡೆದಿದ್ದೇನೆ, ಕ್ಯಾನ್ಸರ್ ಬರುತ್ತದೆಯೇ?

ಪ್ರಶ್ನೆ: 12 ವರ್ಷಗಳಿಂದ ಹೊಲಗಳಲ್ಲಿ ಗ್ಲೈಫೊಸೇಟ್ ಸಿಂಪಡಿಸುವ ಕೆಲಸ ಮಾಡುತ್ತಿದ್ದೇನೆ. ಅದು ಕ್ಯಾನ್ಸರ್ ತರುತ್ತದೆ ಎಂದು ಒಂದು ವಿಡಿಯೊ ಹೇಳುತ್ತದೆ. ಅಡುಗೆ ಉಪ್ಪಿಗಿಂತ ಸುರಕ್ಷಿತ ಎಂದು ಮಾರುವವರು ಹೇಳುತ್ತಾರೆ. ಯಾರನ್ನು ನಂಬಲಿ? ರಕ್ತ ಪರೀಕ್ಷೆ ಮಾಡಿಸಲೇ?

ಉತ್ತರ: ಇಬ್ಬರನ್ನೂ ನಂಬಬೇಡಿ. ಇದೇ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಈ ಬಾರಿ ಉಳಿದವರ ಜಾಗವನ್ನೂ ಕಿತ್ತುಕೊಂಡು ಉತ್ತರಿಸುತ್ತಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2015ರ ಮಾರ್ಚ್‌ನಲ್ಲಿ ಗ್ಲೈಫೊಸೇಟನ್ನು ‘2ಎ’ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ಉಂಟುಮಾಡಬಲ್ಲ ವಸ್ತುಗಳ ಗುಂಪಿಗೆ ಸೇರಿಸಿತು. ಕೆಂಪು ಮಾಂಸ, ರಾತ್ರಿ ಪಾಳಿಯ ಕೆಲಸ ಇವೂ ಅದೇ ಗುಂಪಿನಲ್ಲಿವೆ. ಹಾವು ವಿಷದ್ದೇ ಎಂಬುದು ಒಂದು ಪ್ರಶ್ನೆ, ಅದು ನಿಮ್ಮನ್ನು ಕಚ್ಚುತ್ತದೆಯೇ ಎಂಬುದು ಇನ್ನೊಂದು. ಆ ಗುಂಪು ಮೊದಲನೆಯದಕ್ಕೆ ಮಾತ್ರ ಉತ್ತರ. ಅದೇ ಸಭೆಯಲ್ಲಿ ಮೆಲಥಿಯಾನ್, ಡಯಜಿನಾನ್ ಎಂಬ ಕೀಟನಾಶಕಗಳೂ 2ಎ ಗುಂಪಿಗೆ ಸೇರಿದವು. ಅವುಗಳ ಬಗ್ಗೆ ನನಗೆ ಇಂದಿನವರೆಗೆ ಒಂದು ಪತ್ರವೂ ಬಂದಿಲ್ಲ!

ಇನ್ನು ಲೆಕ್ಕ. ಅಮೆರಿಕದಲ್ಲಿ 54,000ಕ್ಕೂ ಹೆಚ್ಚು ಸಿಂಪಡಣೆಗಾರರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ಗ್ಲೈಫೊಸೇಟ್ ಬಳಸಿದವರಲ್ಲಿ ನಾನ್-ಹಾಡ್ಜ್‌ಕಿನ್ ಲಿಂಫೋಮ, ಅಂದರೆ ಎಲ್ಲರೂ ಹೆದರುವ ಆ ದುಗ್ಧರಸ ಗ್ರಂಥಿಗಳ ಕ್ಯಾನ್ಸರ್, ಹೆಚ್ಚಾಗಿ ಕಂಡುಬರಲಿಲ್ಲ. ಮರುವರ್ಷ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು, ಅತಿ ಹೆಚ್ಚು ಬಳಸಿದವರಲ್ಲಿ ಅದೇ ರೋಗದ ಅಪಾಯ ಶೇ 41ರಷ್ಟು ಹೆಚ್ಚು ಎಂದಿತು. ವಿಡಿಯೊ ಮಾಡುವವರು ಆ 41ನ್ನು ಹಿಡಿದು ಕೂಗುತ್ತಾರೆ. ಯಾವುದರ ಮೇಲೆ ಶೇ 41? ಅಮೆರಿಕದಲ್ಲಿ ಜೀವಮಾನದಲ್ಲಿ ಈ ರೋಗ ಬರುವುದು ನೂರರಲ್ಲಿ ಸುಮಾರು ಇಬ್ಬರಿಗೆ. ಆ ವಿಶ್ಲೇಷಣೆಯೇ ಸರಿಯೆಂದುಕೊಂಡರೂ ಆ ಇಬ್ಬರು ಮೂವರಾಗುವುದಿಲ್ಲ, ಮೂವರ ಹತ್ತಿರ ಬರುತ್ತಾರೆ. ಅಪಾಯ ಚಿಕ್ಕದು. ಸೊನ್ನೆ ಎನ್ನಲು ನಾನು ಸಿದ್ಧನಿಲ್ಲ.

ನಿಮ್ಮ ಪಾಲಿಗೆ ಮುಖ್ಯವಾದದ್ದು ಮೈಗೆ ಎಷ್ಟು ಇಳಿಯಿತು ಎಂಬುದು. ಅದು ಇಳಿಯುವುದು ಹೆಚ್ಚಾಗಿ ಚರ್ಮದ ಮೂಲಕ. ಡಬ್ಬಿಯ ಗಟ್ಟಿ ದ್ರಾವಣವನ್ನು ಬರಿಗೈಯಲ್ಲಿ ಬೆರೆಸುವ ಐದು ನಿಮಿಷ, ಸೋರುವ ಪಂಪಿನಿಂದ ತೋಯ್ದ ಬೆನ್ನು ಮತ್ತು ತೊಡೆಸಂದು, ಕಟ್ಟಿಕೊಂಡ ನಳಿಕೆಯನ್ನು ಬಾಯಿಂದ ಊದುವ ಚಾಳಿ: ನನಗೆ ಭಯ ಇವುಗಳದ್ದು. ತೊಡೆಸಂದಿನ ತೆಳು ಚರ್ಮ ಅಂಗೈಗಿಂತ ಬಹಳ ಹೆಚ್ಚು ಹೀರಿಕೊಳ್ಳುತ್ತದೆ. ಬಟ್ಟೆಯ ಕೈಗವಸು ದ್ರಾವಣವನ್ನು ಹೀರಿ ಕೈಗೇ ಒತ್ತಿ ಹಿಡಿಯುತ್ತದೆ, ನೈಟ್ರೈಲ್ ರಬ್ಬರಿನದೇ ಬೇಕು. ವರ್ಷಕ್ಕೊಮ್ಮೆ ಅಂಗಳದ ಕಳೆಗೆ ಹೊಡೆಯುವಾಗಲೂ ನಾನು ಮೊಣಕೈವರೆಗೆ ಅದನ್ನೇ ಹಾಕುತ್ತೇನೆ. ಮನೆಯವರು ನಗುತ್ತಾರೆ, ನಗಲಿ.

ರಕ್ತ ಪರೀಕ್ಷೆ ಬೇಡ. ದೇಹ ಸೇರಿದ ಗ್ಲೈಫೊಸೇಟ್ ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ, 12 ವರ್ಷಗಳ ಕಥೆಯನ್ನು ಯಾವ ಪರೀಕ್ಷೆಯೂ ಹೇಳದು. ಅದನ್ನು ಹೇಳುತ್ತೇವೆಂದು ಪ್ಯಾಕೇಜು ಮಾರುವವರು ನಿಮ್ಮ ಭಯವನ್ನು ಹಣವಾಗಿಸುತ್ತಿದ್ದಾರೆ, ಅಷ್ಟೆ. ಕುತ್ತಿಗೆ, ಕಂಕುಳು, ತೊಡೆಸಂದಿನಲ್ಲಿ ನೋವಿಲ್ಲದ ಗಂಟು ಎರಡು ಮೂರು ವಾರ ಕರಗದೆ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿದರೆ ವೈದ್ಯರ ಬಳಿ ಹೋಗಿ. ಏನೇನು ಸಿಂಪಡಿಸಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ಅವರು ಕೇಳುವುದನ್ನು ಮರೆಯುತ್ತಾರೆ.

ಪ್ರಶ್ನೆ: ಸಿಂಪಡಿಸುವ ಮೊದಲು ಹಾಲು ಕುಡಿದರೆ ವಿಷ ಏರುವುದಿಲ್ಲವೇ?

ಉತ್ತರ: ಚರ್ಮದಿಂದ ಒಳಹೋಗುವ ವಿಷಕ್ಕೂ ಹೊಟ್ಟೆಯಲ್ಲಿರುವ ಹಾಲಿಗೂ ಭೇಟಿಯೇ ಆಗುವುದಿಲ್ಲ.

ಪ್ರಶ್ನೆ: ವರ್ಷಗಳಿಂದ ಸೇರಿದ ವಿಷ ತೆಗೆಯುವ ಚೂರ್ಣ ಕೊಡುತ್ತಾರೆ, ತೆಗೆದುಕೊಳ್ಳಲೇ?

ಉತ್ತರ: ಬೇಡ. ಆ ಕೆಲಸಕ್ಕೆ ಮೂತ್ರಪಿಂಡಗಳಿವೆ, ಚೂರ್ಣದಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಪ್ರಶ್ನೆ: ಕ್ಯಾನ್ಸರ್ ಭಯದಿಂದ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕಕ್ಕೆ ಬದಲಾಯಿಸಿದ್ದೇನೆ. ಸರಿ ತಾನೆ?

ಉತ್ತರ: ಇದನ್ನು ಓದಿ ಪೆನ್ನು ಕೆಳಗಿಟ್ಟೆ. ಅದರ ಒಂದು ಗುಟುಕು ಶ್ವಾಸಕೋಶವನ್ನು ಹಾಳುಮಾಡಿ ಕೊಲ್ಲಬಲ್ಲದು, ಪ್ರತಿವಿಷವಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿಯಿಲ್ಲ. ಉಳಿದದ್ದನ್ನು ಮೂಲ ಡಬ್ಬಿಯಲ್ಲೇ ಬೀಗ ಹಾಕಿಡಿ. ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟಿದ್ದರೆ, ಈ ಪುಟ ಆಮೇಲೆ ಓದಿ, ಮೊದಲು ಎದ್ದು ಹೋಗಿ ಅದನ್ನು ಮಕ್ಕಳ ಕೈಗೆ ಸಿಗದ ಕಡೆ ಇಡಿ.