ಸ್ಯಾನ್ ಡಿಯಾಗೋದಲ್ಲಿ ಬೇಸ್‌ಬಾಲ್: ಟಿಕೆಟ್ ಒಂದಕ್ಕೇ ಖರ್ಚು, ಊಟ ಮನೆಯ ಬುತ್ತಿ

ಅಕ್ಕಾ, ಹಾಸನದಿಂದ ಅಪ್ಪ ಅಮ್ಮ ಜೂನ್‌ನಲ್ಲಿ ಬರುತ್ತಿದ್ದಾರೆ, ಮಕ್ಕಳೂ ಸೇರಿ ಆರು ಜನ, ಸ್ಯಾನ್ ಡಿಯಾಗೋದಲ್ಲಿ ನಾಲ್ಕು ದಿನ, ಅಪ್ಪನಿಗೆ ಒಂದು ಬೇಸ್‌ಬಾಲ್ ಮ್ಯಾಚ್ ತೋರಿಸಬೇಕು, ಖರ್ಚು ಕೈ ಮೀರಬಾರದು ಅಂತ ಕೇಳಿದ್ದೀರಿ. ಮ್ಯಾಚ್ ಟಿಕೆಟ್‌ಗೆ ಮಾತ್ರ ದುಡ್ಡು ಎತ್ತಿಡಿ. ಮಿಕ್ಕಿದ್ದನ್ನು ಆ ಊರು ಹೆಚ್ಚುಕಡಿಮೆ ಪುಕ್ಕಟೆಯಾಗಿ ತೋರಿಸುತ್ತದೆ.

ಮೊದಲು ಮ್ಯಾಚ್. ಆ ಊರಿನ ಬೇಸ್‌ಬಾಲ್ ತಂಡ ಪ್ಯಾಡ್ರೆಸ್, ಅವರ ಸ್ಟೇಡಿಯಂ ಪೆಟ್ಕೋ ಪಾರ್ಕ್ ಊರಿನ ನಡುವೆಯೇ ಇದೆ. 2023ರಿಂದ ಪ್ರತಿ ವರ್ಷ 30 ಲಕ್ಷಕ್ಕೂ ಜಾಸ್ತಿ ಜನ ಬರುತ್ತಿದ್ದಾರೆ. ಹಾಗಾಗಿ ಮೊದಲಿನಷ್ಟು ಅಗ್ಗದ ಟಿಕೆಟ್ ಸಿಗುವುದಿಲ್ಲ. ಬೆಲೆ ದಿನಕ್ಕೊಂದು ಥರ. ಸೋಮವಾರದಿಂದ ಗುರುವಾರದೊಳಗಿನ ಸಂಜೆ ಮ್ಯಾಚ್ ನೋಡಿ. ಲಾಸ್ ಏಂಜಲೀಸ್‌ನ ಡಾಡ್ಜರ್ಸ್ ಬರುವ ದಿನ ಬಿಟ್ಟುಬಿಡಿ, ಅವರ ಅಭಿಮಾನಿಗಳೂ ದಂಡಿಯಾಗಿ ಬರುವುದರಿಂದ ಬೆಲೆ ಏರಿರುತ್ತದೆ.

ಗ್ಯಾಲಗರ್ ಸ್ಕ್ವೇರ್ ಅಂತ ಮೈದಾನದ ಆಚೆ ಹುಲ್ಲಿನ ದಿಬ್ಬ ಇದೆ. ಅಲ್ಲಿನ ಟಿಕೆಟ್ ಸಾಮಾನ್ಯವಾಗಿ ಕಡಿಮೆ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಮಂಡಿ ನೋವಿರುವ ಹಿರಿಯರಿಗೆ ಎರಡೂವರೆ ಗಂಟೆ ನೆಲದ ಮೇಲೆ ಕೂರುವುದು ಕಷ್ಟ, ಆಟವೂ ದೂರ. ಮೇಲಿನ ಅಂತಸ್ತಿನಲ್ಲಿ, ಬ್ಯಾಟ್ಸ್‌ಮನ್‌ನ ಹಿಂಬದಿಗೆ ಬರುವ ಹಾಗೆ ಸೀಟು ತೆಗೆದುಕೊಳ್ಳಿ. ಇಡೀ ಮೈದಾನ ತಟ್ಟೆಯಲ್ಲಿ ಇಟ್ಟ ಹಾಗೆ ಕಾಣುತ್ತದೆ. ಮೂರನೇ ಬೇಸ್ ಕಡೆ, ಅಂದರೆ ಆ ಹಿಂಬದಿಯಿಂದ ನೋಡಿದರೆ ಎಡಗಡೆ, ನೆರಳು ಬೇಗ ಬೀಳುತ್ತದೆ. ಮಕ್ಕಳಿಗೆ ಬೇಜಾರಾದರೆ ಅದೇ ಟಿಕೆಟ್‌ನಲ್ಲಿ ಗ್ಯಾಲಗರ್ ಸ್ಕ್ವೇರ್‌ಗೆ ಕರೆದುಕೊಂಡು ಹೋಗಿ ಆಡಿಸಬಹುದು.

ನನಗೆ ತುಂಬಾ ಇಷ್ಟವಾದ ವಿಷಯ ಅಂದರೆ ಒಳಗೆ ಮನೆಯ ತಿಂಡಿ ತೆಗೆದುಕೊಂಡು ಹೋಗಬಹುದು. ಒಬ್ಬೊಬ್ಬರದ್ದು ಬೇರೆ ಬೇರೆ ಕಟ್ಟಿರಬೇಕು. ನೀರಿನ ಪ್ಲಾಸ್ಟಿಕ್ ಬಾಟಲಿಯ ಸೀಲ್ ಒಡೆದಿರಬಾರದು. ಬ್ಯಾಗ್ ನಿಯಮ ಬಿಗಿ, ಒಳಗಿರುವುದು ಕಾಣುವಂಥ ಬ್ಯಾಗ್ ಇರಲಿ. ಹೊರಡುವ ದಿನ ಅವರ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿಕೊಳ್ಳಿ. ನಾವು ಪುಳಿಯೋಗರೆ, ಚಪಾತಿ ಸುರುಳಿ ಒಯ್ದಿದ್ದೆವು. ಅಮ್ಮ ಅಲ್ಲಿ ಕೂತು ಪುಳಿಯೋಗರೆ ತಿನ್ನುತ್ತಾ ಮ್ಯಾಚ್ ನೋಡಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಳಗಿನ ಅಂಗಡಿಗಳಲ್ಲಿ ಆರು ಜನ ತಿಂದರೆ ಟಿಕೆಟ್‌ನಷ್ಟೇ ದುಡ್ಡು ಖರ್ಚಾಗಿಬಿಡುತ್ತದೆ.

ಕಾರು ಮಾತ್ರ ಬೇಡ. ಮೊದಲ ಸಲ ಹೋದಾಗ ಹತ್ತಿರದ ಒಂದು ಪಾರ್ಕಿಂಗ್‌ನಲ್ಲಿ ಒಂದು ಟಿಕೆಟ್‌ಗಿಂತ ಜಾಸ್ತಿ ಕೊಟ್ಟೆವು, ಹೊರಗೆ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಟ್ರಾಲಿ ಅಂತ ಕೆಂಪು ರೈಲು ಇದೆಯಲ್ಲ, ಅದರ ಗ್ರೀನ್ ಲೈನ್‌ನಲ್ಲಿ ಗ್ಯಾಸ್‌ಲ್ಯಾಂಪ್ ಕ್ವಾರ್ಟರ್ ನಿಲ್ದಾಣಕ್ಕೆ ಬಂದರೆ ಸ್ಟೇಡಿಯಂ ಎದುರಿಗೇ. ರೈಲು, ಬಸ್ಸು ಎರಡಕ್ಕೂ ನಡೆಯುವ ಪ್ರಾಂಟೊ ಕಾರ್ಡ್ ಒಬ್ಬೊಬ್ಬರಿಗೂ ಬೇರೆ ಮಾಡಿಸಿ. ದಿನಕ್ಕೆ ಇಷ್ಟು ಅಂತ ಮಿತಿ ಇದೆ, ಅದು ದಾಟಿದ ಮೇಲೆ ಎಷ್ಟು ಓಡಾಡಿದರೂ ದುಡ್ಡು ಕಡಿಯುವುದಿಲ್ಲ. ಅಪ್ಪ ಅಮ್ಮನಿಗೆ 65 ದಾಟಿದ್ದರೆ ಅವರ ದರವೂ ಕಡಿಮೆ, ವಯಸ್ಸಿನ ಗುರುತಿನ ಚೀಟಿ ಜೊತೆಗಿರಲಿ.

ಈಗ ಅಪ್ಪನಿಗೆ ಆಟ ಹೇಗೆ ಹೇಳಿಕೊಡುವುದು? ಇಲ್ಲಿ ಓವರ್ ಇಲ್ಲ, ಮೂರು ಔಟ್ ಆದರೆ ಆ ಕಡೆಯ ಬ್ಯಾಟಿಂಗ್ ಸರದಿ ಮುಗಿಯಿತು. ಹೀಗೆ ಒಂಬತ್ತು ಇನ್ನಿಂಗ್ಸ್. ಕ್ರಿಕೆಟ್‌ನಲ್ಲಿ ಹಿಂದಕ್ಕೂ ಹೊಡೆಯಬಹುದು, ಇಲ್ಲಿ ಎರಡು ಗೆರೆಗಳ ಒಳಗೇ ಬೀಳಬೇಕು, ಇಲ್ಲದಿದ್ದರೆ ಫೌಲ್. ಎಡಗಡೆ ಕೊನೆಯಲ್ಲಿ 1909ರ ಒಂದು ಹಳೆಯ ಇಟ್ಟಿಗೆ ಕಟ್ಟಡ ಕಾಣುತ್ತದೆ. ಸ್ಟೇಡಿಯಂ ಕಟ್ಟುವಾಗ ಅದನ್ನು ಕೆಡವದೆ ಉಳಿಸಿಕೊಂಡರು. 2004ರಲ್ಲಿ ಸ್ಟೇಡಿಯಂ ಶುರುವಾದಾಗಿನಿಂದ ಆ ಕಟ್ಟಡದ ಹಳದಿ ಮೂಲೆಯೇ ಎಡಗಡೆಯ ಫೌಲ್ ಕಂಬ. ಅದನ್ನು ತೋರಿಸಿ ಹೇಳಿದರೆ ಫೌಲ್ ಗೆರೆ ತಟ್ಟನೆ ಅರ್ಥವಾಗುತ್ತದೆ. ಆಟ ಎಳೆಯುತ್ತದೆ ಅನ್ನುವ ಹೆದರಿಕೆ ಬೇಡ. 2023ರಲ್ಲಿ ಪಿಚ್ ಗಡಿಯಾರ, ಅಂದರೆ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ನಿಯಮ, ತಂದ ಮೇಲೆ ಬೇಗ ಮುಗಿಯುತ್ತದೆ.

ಇನ್ನೊಂದು, ಗ್ಯಾಲಗರ್ ಸ್ಕ್ವೇರ್‌ನಲ್ಲಿ ಪ್ಯಾಡ್ರೆಸ್‌ನ ಹಿಂದಿನ ಆಟಗಾರ ಟೋನಿ ಗ್ವಿನ್ ಅವರ ಪ್ರತಿಮೆ ಇದೆ, ಅದನ್ನು ಅಪ್ಪನಿಗೆ ತೋರಿಸದೇ ಬರಬೇಡಿ. 1982ರಿಂದ 2001ರವರೆಗೆ 20 ಸೀಸನ್, ಎಲ್ಲವೂ ಈ ಒಂದೇ ತಂಡಕ್ಕೆ. ಸರಾಸರಿ .338, ಅಂದರೆ ಮೂರು ಸಲಕ್ಕೆ ಒಂದು ಹಿಟ್. ಈ ಆಟದಲ್ಲಿ ಅದು ಅಪರೂಪದ ಮಟ್ಟ. ಅಷ್ಟು ವರ್ಷಗಳಲ್ಲಿ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಬಿದ್ದು ಔಟ್, ಆದದ್ದು ಬರೀ 434 ಸಲ. ಅಬ್ಬರ ಇಲ್ಲ, ಸುಮ್ನೆ ಚೆಂಡು ನೋಡಿ ಸಂದಿಯಲ್ಲಿ ತಳ್ಳುವುದು. ನಮ್ಮ ದ್ರಾವಿಡ್ ಆಟ ಇಷ್ಟಪಟ್ಟವರಿಗೆ ಇವರು ತಕ್ಷಣ ಹತ್ತಿರವಾಗುತ್ತಾರೆ. ಮ್ಯಾಚ್ ಇಲ್ಲದ ದಿನಗಳಲ್ಲಿ ಆ ಜಾಗ ಸಾರ್ವಜನಿಕ ಪಾರ್ಕ್, ಟಿಕೆಟ್ ಬೇಕಿಲ್ಲ. ಫೆಬ್ರವರಿಯಿಂದ ಮೇ ಒಳಗೆ ಬರುವವರು ಇದನ್ನು ಓದುತ್ತಿದ್ದರೆ, ಸ್ಯಾನ್ ಡಿಯಾಗೋ ಸ್ಟೇಟ್ ವಿಶ್ವವಿದ್ಯಾಲಯದ ಹುಡುಗರ ಆಟ ನೋಡಿ. ಗ್ವಿನ್ ಅವರೇ ಅಲ್ಲಿ ಕೋಚ್ ಆಗಿದ್ದರು, ಮೈದಾನಕ್ಕೂ ಅವರದೇ ಹೆಸರು, ಟಿಕೆಟ್ ತುಂಬಾ ಕಡಿಮೆ.

ಭಾನುವಾರ ಬಾಲ್ಬೋವಾ ಪಾರ್ಕ್‌ಗೆ ಇಡಿ. ಮಧ್ಯಾಹ್ನ ಎರಡಕ್ಕೆ ಸ್ಪ್ರೆಕಲ್ಸ್ ಆರ್ಗನ್ ಕಛೇರಿ, ಬಯಲಿನಲ್ಲಿ, ಪುಕ್ಕಟೆ. ಐದು ಸಾವಿರಕ್ಕೂ ಹೆಚ್ಚು ಕೊಳವೆಗಳ ವಾದ್ಯ ಅದು. ಭಾನುವಾರದ ಮ್ಯಾಚ್ ಹೆಚ್ಚಾಗಿ ಮಧ್ಯಾಹ್ನವೇ ಇರುತ್ತದೆ, ಎರಡೂ ಒಂದೇ ದಿನ ಆಗುವುದಿಲ್ಲ. ಹತ್ತಿರದಲ್ಲೇ ದೇಶದೇಶಗಳ ಪುಟ್ಟ ಮನೆಗಳಿವೆ, ಭಾರತದ್ದೂ ಒಂದಿದೆ. ಟಿಮ್ಕೆನ್ ಮ್ಯೂಸಿಯಂಗೂ ಟಿಕೆಟ್ ಇಲ್ಲ. ಇಲ್ಲಿಗೂ ಬಸ್ಸೇ ವಾಸಿ, ಊರಿನ ನಡುವಿನಿಂದ 7ನೇ ನಂಬರ್ ಹೋಗುತ್ತದೆ.

ಶನಿವಾರ ಬೆಳಿಗ್ಗೆ ಲಿಟಲ್ ಇಟಲಿ ಬಡಾವಣೆಯ ರೈತರ ಸಂತೆ. ಅಗ್ಗ ಅಲ್ಲ, ಆದರೆ ಹಣ್ಣು ರುಚಿ ನೋಡಲು ಕೊಡುತ್ತಾರೆ. ಒಂದು ಬುಟ್ಟಿ ಸ್ಟ್ರಾಬೆರಿ ಕೊಂಡು, ಇಳಿಜಾರಿನಲ್ಲಿ ಕೆಳಗೆ ಬಂದರೆ ವಾಟರ್‌ಫ್ರಂಟ್ ಪಾರ್ಕ್, ಮಕ್ಕಳು ಕಾರಂಜಿಯಲ್ಲಿ ನೆನೆಯಬಹುದು. ಬಟ್ಟೆ ಇನ್ನೊಂದು ಜೊತೆ ಇರಲಿ. ಮೀನು ತಿನ್ನುವವರಾದರೆ ಅಲ್ಲಿಂದ ದಡದಲ್ಲೇ ನಡೆದು ಟ್ಯೂನಾ ಹಾರ್ಬರ್‌ಗೆ ಹೋಗಿ. ಶನಿವಾರ ಮೀನುಗಾರರೇ ತಂದು ಮಾರುತ್ತಾರೆ, ಮಧ್ಯಾಹ್ನದೊಳಗೆ ಹೋಗಬೇಕು.

ಹೊರಗಿನ ಊಟಕ್ಕೆ ಚಿಕ್ಕ ಮೆಕ್ಸಿಕನ್ ಟಾಕೋ ಅಂಗಡಿಗಳೇ ಸರಿ. ಬುರಿಟೋ ಅಂದರೆ ಒಳಗೆ ಪಲ್ಯ ತುಂಬಿದ ದಪ್ಪ ರೊಟ್ಟಿ ಸುರುಳಿ; ಊರಿನ ಹೆಸರುವಾಸಿ ಕ್ಯಾಲಿಫೋರ್ನಿಯಾ ಬುರಿಟೋದಲ್ಲಿ ದನದ ಮಾಂಸ, ಆಲೂ ಫ್ರೈಸ್ ಇರುತ್ತದೆ. ಸಸ್ಯಾಹಾರಿಗಳಿಗೆ ಬೀನ್ಸ್ ಚೀಸ್ ಬುರಿಟೋ ಇದೆ, ಒಂದನ್ನು ಇಬ್ಬರು ತಿನ್ನಬಹುದು. ಆದರೆ ಬೀನ್ಸ್‌ಗೆ ಹಂದಿಕೊಬ್ಬು ಹಾಕಿದ್ದಾರಾ, ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿದ್ದಾರಾ ಅಂತ ಕೇಳಲೇಬೇಕು. ಕೊಬ್ಬಿಗೆ ಅವರು ಮಂತೇಕಾ ಅನ್ನುತ್ತಾರೆ. ಕೇಳಿದರೆ ಬೇಸರವಿಲ್ಲದೆ ಹೇಳುತ್ತಾರೆ.

ಜೂನ್‌ನಲ್ಲಿ ಬೆಳಿಗ್ಗೆ ಪೂರ್ತಿ ಮೋಡ ಮುಚ್ಚಿರುತ್ತದೆ, ಬೀಚಿಗೆ ಮಧ್ಯಾಹ್ನದ ಮೇಲೆ ಹೋಗಿ. ಸಮುದ್ರದ ನೀರು ನಮ್ಮ ಮಲ್ಪೆಯ ಹಾಗೆ ಬೆಚ್ಚಗಿಲ್ಲ, ಕೊರೆಯುತ್ತದೆ. ಸಂಜೆ ಮ್ಯಾಚ್‌ಗೆ ಅಮ್ಮನಿಗೆ ಸ್ವೆಟರ್, ಅಪ್ಪನಿಗೆ ಮಫ್ಲರ್ ಮರೆಯಬೇಡಿ. ಮ್ಯಾಚ್ ಮುಗಿದ ಕೂಡಲೇ ನಿಲ್ದಾಣಕ್ಕೆ ನುಗ್ಗದೆ, ಒಂದೆರಡು ರೈಲು ಬಿಟ್ಟು ಹತ್ತಿದರೆ ಹಿರಿಯರಿಗೆ ಸೀಟು ಸಿಗುತ್ತದೆ. ಯಾವ ವಾರ ಅಂತ ಹೇಳಿ ಅಕ್ಕಾ, ಆ ವಾರದ ಮ್ಯಾಚ್ ಪಟ್ಟಿ ನೋಡಿ ಯಾವ ದಿನ ವಾಸಿ ಅಂತ ಇಲ್ಲೇ ತಿಳಿಸುತ್ತೇನೆ.