ಮಾತಾಡುವ ಗೊಂಬೆಗಳ ಚೀಲ

(ಗುರುತು ಸಿಗದಂತೆ ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ದೀಪಾವಳಿಗೆ ಇನ್ನೂ ಮೂರು ವಾರವಿದ್ದಾಗ, ಹಾಸನದ ಕಡೆಯ ತಾಯಿಯೊಬ್ಬರು ತಮ್ಮ ಏಳು ವರ್ಷದ ಮಗಳನ್ನೂ ಬೆಂಗಳೂರಿನಲ್ಲಿರುವ ತಮ್ಮ ಅಣ್ಣನನ್ನೂ ಕರೆದುಕೊಂಡು ನನ್ನಲ್ಲಿಗೆ ಬಂದರು. ಅವಧಿಗೆ ಮುನ್ನ ಹುಟ್ಟಿದ ಈ ಹುಡುಗಿಯ ಅಕ್ಷಿಪಟಲಕ್ಕೆ ಹಾನಿಯಾಗಿ ಎಡಗಣ್ಣು ಕಾಣುವುದಿಲ್ಲ. ಬಲಗಣ್ಣಿಗೆ ಬೆಳಕು, ನೆರಳು ಮತ್ತು ತೀರ ಹತ್ತಿರ ಹಿಡಿದ ಗಾಢ ಬಣ್ಣಗಳಷ್ಟೇ ತಿಳಿಯುತ್ತವೆ. ಆದರೆ ತಾಯಿ ಬಂದದ್ದು ಕಣ್ಣಿನ ವಿಷಯಕ್ಕಲ್ಲ. ಹಬ್ಬಕ್ಕೆ ಮಾವ ಪ್ರತಿವರ್ಷ ದುಬಾರಿ ಆಟಿಕೆ ತರುತ್ತಾರೆ, ಹುಡುಗಿ ಎರಡನೆಯ ದಿನಕ್ಕೆ ಅದನ್ನು ಮೂಲೆಗೆ ಸೇರಿಸುತ್ತಾಳೆ, ಕಳೆದ ವರ್ಷವಂತೂ ಪೊಟ್ಟಣವನ್ನೇ ಬಿಚ್ಚಲಿಲ್ಲ. ಮಾವ ನೊಂದುಕೊಂಡರು, ಅಜ್ಜಿ ಹಟಮಾರಿಯೆಂದು ಗದರಿದರು, ಹಬ್ಬದ ಮನೆ ಸಪ್ಪಗಾಯಿತು.

ಮುಂದಿನ ಭೇಟಿಗೆ ಆ ಆಟಿಕೆಗಳನ್ನೆಲ್ಲ ತರಲು ಹೇಳಿದೆ. ಅಕ್ಕಿಚೀಲವೊಂದರಲ್ಲಿ ತುಂಬಿ ತಂದು ಚಾಪೆಯ ಮೇಲೆ ಸುರಿದರು. ಹನ್ನೊಂದರಲ್ಲಿ ಒಂಬತ್ತು, ಗುಂಡಿ ಒತ್ತಿದರೆ ಹಾಡುವ ಅಥವಾ ಮಾತಾಡುವ ಗೊಂಬೆಗಳು. ಒಂದು ತಾನಾಗಿಯೇ ಶುರುವಾದಾಗ ಹುಡುಗಿ ಅದನ್ನು ಹುಡುಕಿ ತೆಗೆದು ಬೋರಲು ಹಾಕಿ, ‘ಇವು ಬರೀ ಮಾತಾಡ್ತವೆ ಆಂಟಿ, ನಾನು ಹೇಳಿದ್ದು ಕೇಳಲ್ಲ’ ಎಂದಳು.

ಮಾವನ ಅಕ್ಕರೆಯಲ್ಲಿ ಕೊರತೆಯಿರಲಿಲ್ಲ. ಕಣ್ಣು ಕಾಣದ ಮಗುವಿಗೆ ಶಬ್ದವೇ ಸಂತೋಷವೆಂದು ಅವರು, ಅವರಂತೆ ಅನೇಕರು, ನಂಬಿರುತ್ತಾರೆ. ಕೋಣೆಗೆ ಯಾರು ಬಂದರು, ಬಾಗಿಲು ಯಾವ ಕಡೆ ತೆರೆದಿದೆ, ಅಮ್ಮ ಒಲೆಯ ಬಳಿ ಇದ್ದಾಳೆಯೇ ಎಂಬುದನ್ನೆಲ್ಲ ಈ ಮಗು ಕಿವಿಯಿಂದಲೇ ತಿಳಿಯಬೇಕಾಗಿರುವುದರಿಂದ, ಬಿಡದೆ ಕಿರುಚುವ ಗೊಂಬೆಯು ಅವಳ ಪಾಲಿಗೆ ಎದುರಿನ ದಾರಿಯನ್ನು ಮುಚ್ಚಿದ ಮಂಜಿನ ಹಾಗೆ. ಚೀಲದಲ್ಲಿ ಪ್ಲಾಸ್ಟಿಕ್ ಆನೆಯೊಂದೂ ಇತ್ತು. ಆನೆಯನ್ನು ಕಂಡವರಿಗೆ ಅದು ಆನೆ. ಅವಳ ಕೈಗೆ ಅದು ನಾಲ್ಕು ಕಾಲಿನ ನುಣುಪು ಡಬ್ಬಿ.

ಮನೆಯಲ್ಲಿ ಅವಳು ತಾನಾಗಿ ಏನನ್ನು ಎತ್ತಿಕೊಳ್ಳುತ್ತಾಳೆ ಎಂದು ಕೇಳಿದಾಗ ತಾಯಿ ಸಂಕೋಚದಿಂದ, ‘ಅಜ್ಜಿಯ ಸೇರು, ಪಾವು, ಚಟಾಕು’ ಎಂದರು. ಒಂದರೊಳಗೊಂದು ಇಡುವುದು, ರಾಗಿ ಅಳೆದು ಸುರಿಯುವುದು, ಬೀಗಕ್ಕೆ ಬೀಗದಕೈ ಹುಡುಕುವುದು. ಇದನ್ನು ಅವರು ಆಟವೆಂದು ಎಣಿಸಿಯೇ ಇರಲಿಲ್ಲ.

ನನಗೆ ಹೆಚ್ಚು ಕಾಡಿದ್ದು ಬೇರೆ ಸಂಗತಿ. ಹುಡುಗಿಯ ಅಣ್ಣನಿಗೆ ಬಂದ ಉಡುಗೊರೆಗಳೆಲ್ಲ ನಾಲ್ವರು ಸೇರಿ ಆಡುವಂಥವು: ಬ್ಯಾಟು, ಕೇರಂ. ತಂಗಿಗೆ ಬಂದವೆಲ್ಲ ಒಂಟಿಯಾಗಿ ಕುಳಿತು ಕೇಳುವಂಥವು. ಆದ್ದರಿಂದ ನನ್ನ ಮೊದಲ ಸಲಹೆ, ಇಬ್ಬರೂ ಕೂಡಿ ಆಡಬಲ್ಲ ವಸ್ತುವನ್ನು ನೋಡಿ ಎಂಬುದು. ಅಂಧರ ಚದುರಂಗದ ಮಣೆಯಲ್ಲಿ ಕಪ್ಪು ಮನೆಗಳು ಉಬ್ಬಿರುತ್ತವೆ, ಪ್ರತಿ ಮನೆಯಲ್ಲೂ ಕಾಯಿ ನಿಲ್ಲಿಸಲು ತೂತಿರುತ್ತದೆ, ಒಂದು ಬಣ್ಣದ ಕಾಯಿಗಳ ತಲೆಯ ಮೇಲೆ ಸಣ್ಣ ಮೊಳೆಯಿರುತ್ತದೆ. ಹೀಗಾಗಿ ಸವರಿ ನೋಡಿದರೂ ಆಟ ಕೆಡುವುದಿಲ್ಲ. ಅಂಧರ ಕ್ರಿಕೆಟ್ಟಿನ ಚೆಂಡಿನೊಳಗೆ ಗುಂಡುಗಳಿದ್ದು, ಉರುಳುವಾಗ ಸದ್ದು ಕೇಳಿಸುತ್ತದೆ. 2012ರಲ್ಲಿ ಬೆಂಗಳೂರಿನಲ್ಲಿ ಅಂಧರ ಟಿ20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕ ನಮ್ಮ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯ್ಕ್ ಎಂದು ಹೇಳಿದಾಗ ಮಾವ ಮೊದಲ ಬಾರಿಗೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳನ್ನು ಕೊಳ್ಳುವುದಾದರೆ, ಬಣ್ಣ ಮಾತ್ರ ಬೇರೆಯಾಗಿರುವ ಬಿಲ್ಲೆಗಳನ್ನು ಬಿಟ್ಟು, ಗಾತ್ರ ಇಳಿಯುತ್ತ ಹೋಗುವ ಬಳೆಗಳ ಗೋಪುರವನ್ನು ಆರಿಸಬೇಕೆಂದೆ. ಉಳಿದಿರುವ ಅಷ್ಟಿಷ್ಟು ದೃಷ್ಟಿಯನ್ನೂ ಮರೆಯಬಾರದು. ಕಪ್ಪು ಬಟ್ಟೆಯ ಮೇಲಿಟ್ಟ ಹಳದಿ ವಸ್ತು ಇವಳಿಗೆ ಸಿಗುತ್ತದೆ. ಅಂಗಡಿಗೆ ಅವಳನ್ನೇ ಕರೆದೊಯ್ದು, ಡಬ್ಬಿ ತೆರೆಸಿ, ಕೈಯಾರೆ ನೋಡಲು ಬಿಡಿ. ಪೊಟ್ಟಣವನ್ನು ಅವಳೇ ಬಿಚ್ಚಲಿ, ಒಳಗೇನಿದೆಯೆಂದು ಮೊದಲೇ ಕೂಗಿ ಹೇಳಬೇಡಿ. ಪಟಾಕಿ ಹಚ್ಚುವ ಮುನ್ನ ಮಾತ್ರ ತಪ್ಪದೆ ಹೇಳಿ.

ಅಜ್ಜಿಗೂ ಒಂದು ಕೆಲಸ ಕೊಟ್ಟೆ. ಅಟ್ಟದ ಮೇಲಿದ್ದ ಅಳಗುಳಿ ಮಣೆಯನ್ನು ಅವರು ತೊಳೆದು ಎಣ್ಣೆ ಹಚ್ಚಿದರು. ಎರಡು ಸಾಲಿನಲ್ಲಿ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆ ಬೀಜ. ಒಂದು ಗುಳಿಯ ಬೀಜಗಳನ್ನು ತೆಗೆದು ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದೇ ಆಟ. ಇದಕ್ಕೆ ಯಾವ ಮಾರ್ಪಾಡೂ ಬೇಡ, ಏಕೆಂದರೆ ಇಲ್ಲಿ ಬೀಜಗಳನ್ನು ಬೆರಳಿನಿಂದಲೇ ಎಣಿಸಬಹುದು.

ಹಬ್ಬ ಕಳೆದು ಎಂಟು ದಿನಕ್ಕೆ ತಾಯಿ ಫೋನ್ ಮಾಡಿದರು. ಚದುರಂಗದ ಮಣೆಯನ್ನು ಸದ್ಯಕ್ಕೆ ಎತ್ತಿಟ್ಟಿದ್ದಾರೆ, ಅವಳಿಗೆ ಅದರಲ್ಲಿ ಇನ್ನೂ ಮನಸ್ಸು ಕೂತಿಲ್ಲ. ಅಳಗುಳಿ ಮಣೆಯ ಮುಂದೆ ಮಾತ್ರ ಬಲಿಪಾಡ್ಯಮಿಯ ದಿನ ಊಟಕ್ಕೂ ಏಳಲಿಲ್ಲವಂತೆ. ಮೂರನೆಯ ಆಟದಲ್ಲಿ, ತೋರುಬೆರಳನ್ನು ಸಾಲಿನುದ್ದಕ್ಕೂ ಓಡಿಸಿ ಐದನೆಯ ಗುಳಿಯಲ್ಲಿ ನಿಲ್ಲಿಸಿದ ಹುಡುಗಿ, ‘ಮಾವ, ಇದಕ್ಕೆ ಎರಡು ಬೀಜ ಹಾಕಿದ್ದೀಯ, ಒಂದು ತೆಗಿ’ ಎಂದಳಂತೆ. ಮಾವ ನಿಜಕ್ಕೂ ಎರಡು ಹಾಕಿದ್ದರು.