1998ರ 4 ಸಿಲಿಂಡರ್ ರ‍್ಯಾಂಗ್ಲರ್ ಜೀಪಿಗೆ 6 ಸಿಲಿಂಡರ್ ಎಂಜಿನ್ ಹಾಕ್ಸಬಹುದಾ?

ಕ್ಯಾಲಿಫೋರ್ನಿಯಾದಲ್ಲಿ 98ರ ರ‍್ಯಾಂಗ್ಲರ್, 4 ಸಿಲಿಂಡರಿನ 2.5 ಲೀಟರ್ ಎಂಜಿನ್, ಮ್ಯಾನ್ಯುಯಲ್ ಗೇರ್, 33 ಇಂಚಿನ ಟೈರು, ಟಾಹೋ ಕಡೆ ಘಾಟಿ ಹತ್ತುವಾಗ ಲಾರಿಗಳ ಜೊತೆ ಬಲಗಡೆ ಲೇನಲ್ಲಿ ಮೂರನೇ ಗೇರಲ್ಲಿ ತೆವಳ್ತಾ ಇದೆ, 6 ಸಿಲಿಂಡರಿನ 4.0 ಲೀಟರ್ ಎಂಜಿನ್ ಹಾಕ್ಲಾ ಅಂತ ಕೇಳಿದೀರ. ನಾನು ಹಾಕಿದೀನಿ ಸ್ವಾಮಿ. ಇದೇ ಮಾಡೆಲ್ಲು, ಇದೇ ರಾಜ್ಯ, ಟೈರ್ ಹುಚ್ಚೂ ಇದೇ. ಹಾಕ್ಬೇಡಿ.

ನಮ್ಮದು ಮೂಡಿಗೆರೆ ಕಡೆ. ಹುಟ್ಟಿದಾಗಿಂದ ಮಹೀಂದ್ರ ಜೀಪು ನೋಡ್ಕೊಂಡೇ ಬೆಳೆದಿದ್ದು, ಹರಿಕೇನ್ ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಕೂರಿಸೋದು ಅಂದ್ರೆ ನಮ್ಮೂರಲ್ಲಿ ಏನೂ ವಿಶೇಷ ಅಲ್ಲ, ಹಲಸಿನ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತಿ, ಚಾಸಿಗೆ ಎರಡು ಬ್ರಾಕೆಟ್ ವೆಲ್ಡ್ ಮಾಡಿ ಇಳಿಸೋರು, ಸಂಜೆ ಹೊತ್ತಿಗೆ ಗಾಡಿ ಹೊಗೆ ಬಿಟ್ಕೊಂಡು ತೋಟಕ್ಕೆ ಹೋಗಿರೋದು. ಅದನ್ನ ನೋಡಿದ್ದ ತಲೆಗೆ ಒಂದು ಅಮೆರಿಕನ್ ಜೀಪಿನ ಎಂಜಿನ್ನನ್ನ ಇನ್ನೊಂದು ಅಮೆರಿಕನ್ ಜೀಪಿಗೆ ಹಾಕೋದ್ರಲ್ಲಿ ಕಷ್ಟ ಏನಿರುತ್ತೆ ಅನ್ಸಿತ್ತು. ಅದೂ 2.5, 4.0 ಎರಡೂ ಎಎಂಸಿ (ಹಿಂದೆ ಜೀಪ್ ಮಾಡ್ತಿದ್ದ ಅಮೆರಿಕನ್ ಮೋಟಾರ್ಸ್ ಕಂಪನಿ) ಕಾಲದ ಒಂದೇ ಮನೆತನದವು, ಒಂದೇ ಚಾಸಿ ಮೇಲೆ ಫ್ಯಾಕ್ಟರಿಯವರೇ ಎರಡನ್ನೂ ಕೂರಿಸಿ ಮಾರಿದಾರೆ. ನಿಮ್ಮದರಲ್ಲಿ 120 ಹಾರ್ಸ್ ಪವರ್, 4.0 ರ‍್ಯಾಂಗ್ಲರ್‌ನಲ್ಲಿ 181. ಪೇಪರ್ ಮೇಲೆ ನೋಡಿದ್ರೆ ಬಾಯಲ್ಲಿ ನೀರೂರುತ್ತೆ, ಒಪ್ತೀನಿ.

ನನಗೆ ಒಂದು 1995ರ ಚೆರೋಕೀ ಎಂಜಿನ್ ಸಿಕ್ತು, ಗುಜರಿಯಿಂದ, ಚೀಪಾಗಿ. ಅದೂ 4.0, 190 ಹಾರ್ಸ್ ಪವರ್ ಅಂತ ರೇಟಿಂಗು. ಕೊಟ್ಟೋನು ಅದರ ವೈರಿಂಗು, ಕಂಪ್ಯೂಟರ್ ಎರಡನ್ನೂ ಪುಕ್ಕಟೆ ಡಿಕ್ಕಿಗೆ ಹಾಕಿದ. ಕಂಪ್ರೆಷನ್ ನೋಡಿದೆ, ಆರೂ ಸಿಲಿಂಡರ್ ಚೆನ್ನಾಗಿತ್ತು, ಆಯಿಲ್ ಕ್ಯಾಪ್ ಬಿಚ್ಚಿ ಬೆರಳು ಹಾಕಿ ನೋಡಿದೆ, ಕೆಸರಿಲ್ಲ. ಇನ್ನೇನು ಬೇಕು ಅಂತ ತಂದೆ.

ಎಡವಟ್ಟಾಗಿದ್ದು ಇಲ್ಲೇ. ಇದನ್ನ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಎಂಜಿನ್ ಕಂಡೀಷನ್ ಬಗ್ಗೆ ಎಲ್ಲರೂ ಹೇಳ್ತಾರೆ, ಇದನ್ನ ನನಗೆ ಯಾರೂ ಹೇಳಿರ್ಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ನೀವು ಹಾಕೋ ಎಂಜಿನ್ನು ಗಾಡಿ ಯಾವ ವರ್ಷದ್ದೋ ಅದೇ ವರ್ಷದ್ದಾಗಿರ್ಬೇಕು, ಇಲ್ಲಾ ಅದಕ್ಕಿಂತ ಹೊಸದಾಗಿರ್ಬೇಕು. ಹಳೇದು ನಡೆಯಲ್ಲ. ಗಾಡಿ 98, ಎಂಜಿನ್ 95, ಅಲ್ಲಿಗೆ ಕಥೆ ಮುಗೀತು. ಎಷ್ಟೇ ಕ್ಲೀನಾಗಿ ಓಡ್ಲಿ, ಹೊಗೆ ಎಷ್ಟೇ ಕಮ್ಮಿ ಬರ್ಲಿ, ಕೇಳೋರಿಲ್ಲ. ಮೂರು ವರ್ಷದಲ್ಲಿ ಅಂಥದ್ದೇನಾಯ್ತು ಅಂದ್ರೆ, 1996ರಿಂದ ಇಲ್ಲಿ ಎಲ್ಲಾ ಹೊಸ ಕಾರಿಗೂ ಓಬಿಡಿ-2 ಕಡ್ಡಾಯ ಆಯ್ತು, ಅಂದ್ರೆ ಡ್ಯಾಶ್ ಕೆಳಗೆ ಇರುತ್ತಲ್ಲ, ಸ್ಕ್ಯಾನರ್ ಚುಚ್ಚೋ ಪೋರ್ಟು, ಅದರ ಹಿಂದಿರೋ ಇಡೀ ವ್ಯವಸ್ಥೆ. 95ರ ಕಂಪ್ಯೂಟರಿಗೆ ಆ ಭಾಷೆನೇ ಗೊತ್ತಿಲ್ಲ. ನಾನು ಪುಕ್ಕಟೆ ಸಿಕ್ತು ಅಂತ ಅದೇ ಕಂಪ್ಯೂಟರ್, ಅದೇ ವೈರಿಂಗ್ ಹಾಕಿದ್ದೆ. ಗಾಡಿ ಸ್ಟಾರ್ಟ್ ಆಯ್ತು, ಸದ್ದು ಎಷ್ಟು ಚೆನ್ನಾಗಿತ್ತು ಅಂದ್ರೆ ಪಕ್ಕದ ಮನೆಯವರು ಬಂದು ನೋಡಿದ್ರು, ಆದ್ರೆ ಡ್ಯಾಶ್‌ಬೋರ್ಡಲ್ಲಿ ಮುಳ್ಳುಗಳು ಅಲ್ಲಾಡ್ತಾ ಇಲ್ಲ. ಆರ್‌ಪಿಎಂ ಇಲ್ಲ, ಟೆಂಪರೇಚರ್ ಇಲ್ಲ, ಸ್ಪೀಡ್ ಇಲ್ಲ. 97ರ ನಂತರದ ರ‍್ಯಾಂಗ್ಲರಲ್ಲಿ ಮೀಟರಿಗೆ ಬೇಕಾದ ಲೆಕ್ಕ ಎಲ್ಲಾ ಎಂಜಿನ್ ಕಂಪ್ಯೂಟರಿಂದ ಒಂದು ಜೋಡಿ ಡೇಟಾ ವೈರಲ್ಲಿ ಬರುತ್ತೆ. ಅದನ್ನ ಕಳ್ಸೋರೇ ಇಲ್ಲ. ಅವತ್ತೇ ನಿಲ್ಲಿಸಿ ಯೋಚ್ನೆ ಮಾಡ್ಬೇಕಿತ್ತು. ಬೇರೆ ಮೀಟರ್ ಹಾಕಿದ್ರಾಯ್ತು ಅಂದ್ಕೊಂಡು ಓಡಿಸ್ದೆ.

ಆಮೇಲೆ ಸ್ಮಾಗ್ ಟೆಸ್ಟ್, ಅಂದ್ರೆ ಇಲ್ಲಿನ ಹೊಗೆ ತಪಾಸಣೆ, ಬಂತು. ಎರಡು ವರ್ಷಕ್ಕೊಮ್ಮೆ ಅದು ಪಾಸಾಗದೆ ರಿಜಿಸ್ಟ್ರೇಷನ್ ಆಗಲ್ಲ, ನಿಮಗೆ ಗೊತ್ತಲ್ಲ. ಹುಡುಗ ಬಾನೆಟ್ ಎತ್ತಿದ, ಒಳಗಡೆ ಅಂಟಿಸಿರೋ ಎಮಿಷನ್ ಸ್ಟಿಕ್ಕರ್ ಮೇಲೆ ಟಾರ್ಚ್ ಬಿಟ್ಟ, 2.5 ಲೀಟರ್ ಅಂತ ಓದಿದ, ಟಾರ್ಚ್ ಎಂಜಿನ್ ಮೇಲೆ ತಂದ, ಸ್ಪಾರ್ಕ್ ಪ್ಲಗ್ ವೈರ್ ಒಂದೊಂದಾಗಿ ಬೆರಳಲ್ಲಿ ಮುಟ್ಟಿ ಎಣಿಸ್ದ. ಆರು. ಪೋರ್ಟಿಗೆ ಕೇಬಲ್ ಚುಚ್ಚಿದ್ರೆ ಆ ಕಡೆಯಿಂದ ಉತ್ತರನೇ ಇಲ್ಲ. ‘ರೆಫರಿ ಹತ್ರ ಹೋಗಿ ಸಾರ್’ ಅಂದ. ಎಂಜಿನ್ ಬದಲಾಯಿಸಿದ ಗಾಡಿಗಳನ್ನ ನೋಡೋಕೆ ಅಂತಲೇ ಇಲ್ಲಿ ಸ್ಮಾಗ್ ರೆಫರಿ ಅಂತ ಇದಾರೆ. ಅವರು ಒಪ್ಪಿದ್ರೆ ಒಂದು ಲೇಬಲ್ ಅಂಟಿಸ್ತಾರೆ, ಮುಂದಿನ ಟೆಸ್ಟ್‌ಗಳಿಗೆಲ್ಲ ಅದೇ ದಾಖಲೆ. ನಾನು ಹೋದೆ, ಆಯಪ್ಪ ಬಹಳ ಮರ್ಯಾದೆಯಿಂದಲೇ ಮಾತಾಡ್ಸಿ, ಎಂಜಿನ್ ವರ್ಷ ಕೇಳಿ, ಆಗಲ್ಲ ಅಂದ್ರು. ವಾದ ಮಾಡೋಕೆ ಏನೂ ಇರ್ಲಿಲ್ಲ, ರೂಲ್ಸ್ ಮೊದಲಿಂದಲೂ ಹಾಗೇ ಇದೆ, ಓದದೆ ಹೋಗಿದ್ದು ನಾನು.

ಕೊನೆಗೆ ಹಿಂದಿಂದ ಗುದ್ದಿಸ್ಕೊಂಡು ರೈಟಾಫ್ ಆಗಿದ್ದ 1999ರ 4.0 ರ‍್ಯಾಂಗ್ಲರ್ ಇಡೀ ಗಾಡಿನೇ ತಂದು, ಹಾಕಿದ್ದನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿಂದ ಶುರು. ಎಂಜಿನ್, ವೈರಿಂಗ್, ಕಂಪ್ಯೂಟರ್, ಕ್ಯಾಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಆವಿ ಹಿಡಿಯೋ ಕ್ಯಾನಿಸ್ಟರ್, ಚೆಕ್ ಎಂಜಿನ್ ಲೈಟ್ ಸಮೇತ. ಇದೆಲ್ಲಾ ಇದ್ದು ಕೆಲಸ ಮಾಡ್ತಿದ್ರೇನೇ ರೆಫರಿ ಪಾಸ್ ಮಾಡೋದು. ಇನ್ನೊಂದು, ನಿಮ್ಮ ಗಾಡಿ ಕ್ಯಾಲಿಫೋರ್ನಿಯಾ ಸರ್ಟಿಫಿಕೇಷನ್‌ದಾಗಿದ್ರೆ ಎಂಜಿನ್ನೂ ಅದೇ ಸರ್ಟಿಫಿಕೇಷನ್‌ದಾಗಿರ್ಬೇಕು, ಪಕ್ಕದ ರಾಜ್ಯದಲ್ಲಿ ಅಗ್ಗ ಅಂತ ತರೋ ಮುಂಚೆ ಆ ಗಾಡಿ ಬಾನೆಟ್ ಸ್ಟಿಕ್ಕರ್ ಓದಿ. ಪಾಸಾಯ್ತು. ಈಗ ಓಡಿಸ್ತಿದೀನಿ, ಚೆನ್ನಾಗೇ ಇದೆ. ಆದ್ರೆ ಒಟ್ಟು ಸುರಿದ ದುಡ್ಡಲ್ಲಿ ಒಳ್ಳೇ 4.0 ರ‍್ಯಾಂಗ್ಲರೇ ಬಂದು ಮಿಕ್ಕಿರೋದು. ನಮ್ಮನೆಯವಳು ಇದನ್ನ ಈಗ್ಲೂ ನೆಂಟರೆದುರಿಗೆ ಹೇಳ್ತಾಳೆ.

ಇನ್ನು ಮೆಕ್ಯಾನಿಕಲ್ ಕಡೆ. ನಿಮ್ಮ ಎಎಕ್ಸ್-5 ಗೇರ್‌ಬಾಕ್ಸ್ 4.0ಗೆ ಕೂರಲ್ಲ, ಎಂಜಿನ್ನಿಗೆ ಗೇರ್‌ಬಾಕ್ಸ್ ಸೇರಿಸೋ ಬೆಲ್ ಹೌಸಿಂಗ್ ಬೋಲ್ಟುಗಳೇ ಬೇರೆ ಜಾಗದಲ್ಲಿವೆ, ಕೂತಿದ್ರೂ ಆ ಟಾರ್ಕ್ ತಡೆಯೋ ಗೇರ್‌ಬಾಕ್ಸ್ ಅಲ್ಲ ಅದು. ಎಎಕ್ಸ್-15 ಬೇಕು. ಅದು ಹಾಕಿದ್ರೆ ನಿಮ್ಮ ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋ ಡಬ್ಬಿ) 21 ಹಲ್ಲಿನ ಇನ್‌ಪುಟ್ ಅದರ 23 ಹಲ್ಲಿನ ಶಾಫ್ಟಿಗೆ ಹೊಂದಲ್ಲ, ಆ ಗೇರ್ ಬದಲಾಯಿಸಿ, ಇಲ್ಲಾ ಟ್ರಾನ್ಸ್‌ಫರ್ ಕೇಸೇ ಬದಲಾಯಿಸಿ. ಎಂಜಿನ್ ಮೌಂಟು, ರೇಡಿಯೇಟರು, ಎಕ್ಸಾಸ್ಟು, ಪ್ರೊಪೆಲ್ಲರ್ ಶಾಫ್ಟು, ಪಟ್ಟಿ ಬೆಳೀತಾ ಹೋಗುತ್ತೆ. ಹೊಸದೇ ಒಳ್ಳೇದು ಅಂತ 2000, 2001ರ ಎಂಜಿನ್ ಹುಡುಕಕ್ಕೆ ಹೋದ್ರೆ ಹೆಡ್ ಮೇಲೆ 0331 ಅಂತ ಎರಕದ ನಂಬರ್ ಇದೆಯಾ ನೋಡಿ, ಆ ಹೆಡ್ಡು ನಡುವಿನ 3, 4ನೇ ಸಿಲಿಂಡರ್ ಹತ್ರ ಸೀಳು ಬಿಟ್ಟು ಕೂಲೆಂಟ್ ಆಯಿಲ್‌ಗೆ ಸೇರೋದಕ್ಕೆ ಹೆಸರುವಾಸಿ. ಎಲ್ಲಾ ಸರಿಹೋದ್ಮೇಲೂ ವಿಐಎನ್, ಅಂದ್ರೆ ಗಾಡಿ ಗುರುತಿನ ನಂಬರಲ್ಲಿ ಎಂಟನೇ ಅಕ್ಷರ P ಅಂತಲೇ ಇರುತ್ತೆ, ಅಂದ್ರೆ 2.5. ಅಂಗಡಿಯೋನು ವಿಐಎನ್ ಹೊಡೆದು ಕೊಡೋ ಸ್ಪಾರ್ಕ್ ಪ್ಲಗ್ ವೈರ್ ಸೆಟ್ ನಿಮಗಾಗಲ್ಲ, ಪ್ರತಿ ಸಲ ಪುರಾಣ ಹೇಳ್ಬೇಕು.

ಯಾರೋ ಷೆವ್ರೋಲೆ ವಿ6 ಹಾಕು, ಅದು ನಿನ್ನ ಹಳೇ ಗೇರ್‌ಬಾಕ್ಸಿಗೇ ಕೂರುತ್ತೆ ಅಂದ್ರು ಅಂತಲೂ ಬರ್ದಿದೀರ. ಬೋಲ್ಟ್ ಕೂರುತ್ತೆ, ನಿಜ, 2.5ರ ಬೆಲ್ ಹೌಸಿಂಗ್ ಪ್ಯಾಟರ್ನ್ ಅದೇ. ಆದ್ರೆ ಎಲ್ಲರೂ ಹೇಳೋ ಆ ಷೆವ್ರೋಲೆ ಕ್ಯಾಮರೋ ಕಾರಿನ 3.4 ಎಂಜಿನ್ ಬಂದಿದ್ದು 1993ರಿಂದ 95. ಮತ್ತೆ ಅದೇ ವರ್ಷದ ಲೆಕ್ಕಕ್ಕೇ ಬಂದ್ರಿ ನೋಡಿ.

ನಿಜ ಹೇಳ್ಬೇಕಂದ್ರೆ ನಿಮ್ಮ ಪ್ರಶ್ನೆನೇ ತಪ್ಪು. ನಿಮ್ಮ ಗಾಡಿ ತೆವಳ್ತಿರೋದು ಸಿಲಿಂಡರ್ ಕಮ್ಮಿ ಅಂತಲ್ಲ, 33 ಇಂಚಿನ ಟೈರ್ ಹಾಕಿ ಆಕ್ಸಲ್ ಗೇರ್ ಹಾಗೇ ಬಿಟ್ಟಿದೀರಲ್ಲ, ಅದಕ್ಕೆ. ಈ ಗಾಡಿ ಶೋರೂಮಿಂದ ಬಂದಿದ್ದು ಸುಮಾರು 27 ಇಂಚಿನ ಟೈರಲ್ಲಿ, 4.10 ಕ್ರೌನ್ ಪಿನಿಯನ್ ಜೊತೆ, ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಪ್ರೊಪೆಲ್ಲರ್ ಶಾಫ್ಟ್ 4.10 ಸುತ್ತು ತಿರುಗುತ್ತೆ. 33 ಹಾಕಿದ ತಕ್ಷಣ ಅದು 3.35 ಹಾಕಿದಷ್ಟಾಯ್ತು, ಚಿಕ್ಕ ಮಗು ದೊಡ್ಡವರ ಸೈಕಲ್ ಹತ್ತಿ ಟಾಪ್ ಗೇರಲ್ಲಿ ಏರು ತುಳಿದಂಗೆ. ಎರಡೂ ಆಕ್ಸಲಿಗೆ 4.88 ಹಾಕ್ಸಿ, ಹೆಚ್ಚುಕಮ್ಮಿ ಫ್ಯಾಕ್ಟರಿ ಲೆಕ್ಕಕ್ಕೇ ವಾಪಸ್ ಬರ್ತೀರ. 4.10 ಇರೋ ಡಿಫರೆನ್ಷಿಯಲ್ ಕ್ಯಾರಿಯರಲ್ಲೇ (ಕ್ರೌನ್ ಗೇರ್ ಹಿಡಿದಿರೋ ಭಾಗ) 4.88 ಕೂರುತ್ತೆ, ಮುಂದಿನ ಡಾನಾ 30, ಹಿಂದಿನ ಡಾನಾ 35 ಆಕ್ಸಲ್ ಎರಡಕ್ಕೂ, ಹಾಗಾಗಿ ಕ್ಯಾರಿಯರ್ ಖರ್ಚಿಲ್ಲ. ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಂದು) ಸೆಟ್ ಮಾಡೋದು ಮಾತ್ರ ಗೊತ್ತಿರೋರ ಹತ್ರ ಮಾಡ್ಸಿ, ಇಲ್ಲಾಂದ್ರೆ ಕೂಗುತ್ತೆ. ಟ್ರಾನ್ಸ್‌ಫರ್ ಕೇಸಲ್ಲಿ ಬೆರಳು ಗಾತ್ರದ ಪ್ಲಾಸ್ಟಿಕ್ ಸ್ಪೀಡೋ ಗೇರ್ ಇರುತ್ತೆ, ಅದನ್ನೂ ಹೊಸ ಲೆಕ್ಕಕ್ಕೆ ಬದಲಾಯಿಸಿ. ಟಾಹೋ ಘಾಟಿಲಿ ಲಾರಿ ದಾಟ್ತೀರ. ಟೆಸ್ಲಾ ದಾಟಲ್ಲ, ಅದು 4.0 ಹಾಕಿದ್ರೂ ದಾಟಲ್ಲ.

ಇಲ್ಲ ನನಗೆ ಆರು ಸಿಲಿಂಡರೇ ಬೇಕು ಅನ್ನೋದಾದ್ರೆ ಇದನ್ನ ಮಾರಿ. 2.5 ಮ್ಯಾನ್ಯುಯಲ್‌ಗೆ ಗಿರಾಕಿ ಇದಾರೆ, ಕಾಲೇಜ್ ಹುಡುಗರು ತಗೋತಾರೆ. ಮೇಲೆ ಸ್ವಲ್ಪ ದುಡ್ಡು ಹಾಕಿ, ವಿಐಎನ್ ಎಂಟನೇ ಅಕ್ಷರ S ಇರೋ ರ‍್ಯಾಂಗ್ಲರ್ ತಗೊಳ್ಳಿ, ಅದು ಹುಟ್ಟಾ 4.0.

ಯಾವುದಕ್ಕೂ ದುಡ್ಡು ಬಿಚ್ಚೋ ಮುಂಚೆ ಈ ಶನಿವಾರ ಒಂದು ಕೆಲಸ ಮಾಡಿ, ಹಿಂದಿನ ಓನರ್ ಗೇರ್ ಆಗ್ಲೇ ಬದಲಾಯಿಸಿರಲೂಬಹುದು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಜಾಕಲ್ಲೆತ್ತಿ ಸ್ಟ್ಯಾಂಡ್ ಕೊಟ್ಟು, ನ್ಯೂಟ್ರಲ್ ಮಾಡಿ, ಟೈರಿಗೂ ಪ್ರೊಪೆಲ್ಲರ್ ಶಾಫ್ಟಿಗೂ ಚಾಕ್‌ಪೀಸಲ್ಲಿ ಗುರುತು ಹಾಕಿ. ಎರಡು ಚಕ್ರನೂ ಒಟ್ಟಿಗೆ ಪೂರ್ತಿ ಒಂದು ಸುತ್ತು ತಿರುಗಿಸ್ವಾಗ ಶಾಫ್ಟ್ ಎಷ್ಟು ಸುತ್ತುತ್ತೆ ಎಣಿಸಿ. ನಾಲ್ಕು ದಾಟಿ ಒಂಚೂರು ಬಂದ್ರೆ 4.10. ಐದರ ಹತ್ರ ಬಂದ್ರೆ ಯಾರೋ ಆಗ್ಲೇ 4.88 ಹಾಕಿದಾರೆ, ಹಾಗಿದ್ರೆ ಕಾಮೆಂಟಲ್ಲಿ ಹೇಳಿ, ಆಗ ಕಂಪ್ರೆಷನ್ನು, ಕ್ಲಚ್ಚು, ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಕೊಂಡಿದೆಯಾ ಅಂತ ನೋಡೋಣ.